ಬೇಲಿಯಿಲ್ಲದ ಡೇರೆ

ಕೀನ್ಯಾದ ಆ ದೊಡ್ಡ ಅಭಯಾರಣ್ಯದಲ್ಲಿ ತಂಗಲು ಎರಡು ಕಡೆ ಜಾಗವಿತ್ತು: ಗೇಟಿನ ಬಳಿ ಕರೆಂಟ್ ಬೇಲಿಯೊಳಗಿನ ಲಾಡ್ಜು, ಇಲ್ಲವೇ ಕಾಡಿನೊಳಗೆ, ಹೊಳೆ ದಂಡೆಯ ಡೇರೆಗಳು. ಡೇರೆಗಳಿಗೆ ಬೇಲಿಯೇ ಇಲ್ಲ. ಪ್ರವಾಸಕ್ಕೆ ಜೊತೆಗೆ ಬಂದಿದ್ದ ನಮ್ಮ ಹುಣಸೂರು ಕಡೆಯ ತಂಬಾಕು ಬೆಳೆಗಾರರೆಲ್ಲ ಲಾಡ್ಜು ಹಿಡಿದರು. ನಾನು ಡೇರೆಯೇ ಬೇಕು ಅಂದೆ.

"ಎಲ್ರೂ ಇರೋ ಕಡೆನೇ ಇರಾಣ ಕಣ್ರೀ" ಅಂದಳು ಹೆಂಡತಿ.

"ಕಾಡ್ ಪಕ್ಕದ ಹನಗೋಡ್ನೋರು ಆನೆಗೆ ಎದ್ರುಕತಾರಾ? ಸುಮ್ನಿರು." ಹಾಳು ಜಂಬ, ನನಗೆ ಹುಟ್ಟಿನಿಂದಲೇ ಬಂದದ್ದು.

ಮರುದಿನ ಮಧ್ಯಾಹ್ನ ಅವಳು ಒಗೆದ ಸೀರೆ ಒಣಹಾಕಲು ಹೊಳೆ ಕಡೆಯ ಮರಗಳ ಹತ್ತಿರ ಹೋದಳು. ನಾನು ಡೇರೆ ಮುಂದೆ ಕೂತು, ಊರಿಂದ ತಂದ ಸ್ಟೀಲ್ ತಟ್ಟೆಯಲ್ಲಿ ಚಕ್ಕುಲಿ ಹಾಕಿಕೊಂಡು ತಿನ್ನುತ್ತಿದ್ದೆ. ಪೊದೆಯಿಂದ ಆನೆಯೊಂದು ಬಂದು ನಮ್ಮಿಬ್ಬರ ನಡುವೆ ನಿಂತಿತು. ಮುಖ ನನ್ನ ಕಡೆಗೆ. ಅದರ ಹಿಂದೆ ಒದ್ದೆ ಸೀರೆ ಹಿಡಿದ ನನ್ನವಳು, ಅವಳ ಬೆನ್ನಿಗೆ ಹೊಳೆ. ಅವಳಿಗೆ ಓಡಲು ಜಾಗವಿರಲಿಲ್ಲ.

ಹೊಲಕ್ಕೆ ಆನೆ ಬಂದಾಗ ನಮ್ಮೂರಲ್ಲಿ ಒಂದು ಕಟ್ಟಳೆಯಿದೆ. ತಟ್ಟೆ, ಡಬ್ಬ ಬಡಿಯುವ ಮೊದಲು ಯಾರು ಎಲ್ಲಿದ್ದಾರೆಂದು ಕೂಗಿ ಕೇಳಬೇಕು. ಎಲ್ಲರೂ ಒಂದೇ ಬದಿಗೆ ಬಂದು, ಅದಕ್ಕೆ ಕಾಡಿನ ದಾರಿ ಬಿಟ್ಟ ಮೇಲೆಯೇ ಗದ್ದಲ. ಅಪ್ಪ ಇದನ್ನು ಕಪಾಳಕ್ಕೆ ಹೊಡೆದು ಕಲಿಸಿದ್ದರು.

ಆನೆ ಒಂದು ಹೆಜ್ಜೆ ನನ್ನ ಕಡೆ ಇಟ್ಟಿತು. ನಾನು ತಟ್ಟೆಯನ್ನು ಕುರ್ಚಿಗೆ ಬಡಿಯುತ್ತ "ಹೋ, ಹೋ" ಎಂದು ಅರಚಿದೆ.

ಅದು ತಿರುಗಿ ನೇರ ಅವಳ ಕಡೆಗೆ ನುಗ್ಗಿತು. ಧೂಳಿನಲ್ಲಿ ಏನೂ ಕಾಣಲಿಲ್ಲ. ಸತ್ತಳು, ನಾನೇ ಕೊಂದೆ ಅಂದುಕೊಂಡೆ. ಆದರೂ ಕೂತಲ್ಲೇ ತಟ್ಟೆ ಬಡಿಯುತ್ತಲೇ ಇದ್ದೆ. ಡೇರೆಗಳ ಕಾವಲುಗಾರ ಓಡಿಬಂದು ತಟ್ಟೆ ಕಿತ್ತುಕೊಂಡ. ತನ್ನ ಭಾಷೆಯಲ್ಲಿ ಬೈಯುತ್ತಲೇ ಹೊಳೆ ಕಡೆ ಧಾವಿಸಿದ.

ಅವಳು ಮರದ ಬುಡಕ್ಕೆ ಒತ್ತಿಕೊಂಡು ಕೂತಿದ್ದಳು. ಆನೆ ಒಂದು ಮಾರು ಅಂತರದಲ್ಲಿ ಹಾದು ಹೊಳೆಗಿಳಿದಿತ್ತು. ಎಬ್ಬಿಸಲು ಹೋದರೆ ನನ್ನ ಕೈ ಕೊಡವಿದಳು. ಸಂಜೆ, ಲಾಡ್ಜಿಗೆ ಹೋಗಲು ನಾನು ಬ್ಯಾಗು ತುಂಬುತ್ತಿದ್ದಾಗ ಕೇಳಿದಳು.

"ನಾನು ಅಲ್ಲಿ ನಿಂತಿದ್ದು ನಿಮ್ಗೆ ಕಾಣ್ನಿಲ್ವಾ?"

"ಇಲ್ಲ ಕಣೆ, ಆನೆ ಅಡ್ಡ ಇತ್ತಲ್ಲ."

"ಅಂಗಾದ್ರೆ ಸರಿ ಬುಡಿ" ಎಂದು ನನ್ನ ಅಂಗಿ ಮಡಿಸಿ ಬ್ಯಾಗಿಗಿಟ್ಟಳು.

ನನಗೆ ಕಂಡಿದ್ದಳು. ತಟ್ಟೆ ಬಡಿಯುವ ಮೊದಲೇ ಕಂಡಿದ್ದಳು. ಬೇಡ, ಬೇಡ ಎಂದು ನನಗೇ ಕೈ ಅಲ್ಲಾಡಿಸುತ್ತಿದ್ದಳು.