ಮಾಸ್ತರರ ಆತ್ಮಕಥೆ, ಮಾಸ್ತರರದೇ ಧ್ವನಿಯಲ್ಲಿ

ನೀವು ಯಾರನ್ನಾದರೂ ಅಣಕಿಸುತ್ತಿರುವಾಗ ಅವರೇ ಬಂದು ಬೆನ್ನ ಹಿಂದೆ ನಿಂತದ್ದುಂಟೇ? ಕಳೆದ ಮಂಗಳವಾರ ನನಗೆ ಆ ಭಾಗ್ಯ ಒದಗಿತು.

ಪುಸ್ತಕಗಳ ಸಂಪಾದಕನಾಗಬೇಕೆಂಬುದು ನನ್ನ ಕನಸು. (ಅವ್ವನಿಗೆ ಇದು ಇನ್ನೂ ಅರ್ಥವಾಗಿಲ್ಲ. "ಮಂದಿ ಬರದಿದ್ದನ್ನ ಓದೂದೂ ಒಂದ್ ನೌಕರಿ ಏನೋ?" ಎನ್ನುತ್ತಾಳೆ.) ಸದ್ಯ ಸಪ್ತಾಪುರದ ಪುಟ್ಟ ಪ್ರಕಾಶನವೊಂದರಲ್ಲಿ ಮೂರು ತಿಂಗಳ ಟ್ರಯಲ್. ಮಾಲೀಕರನ್ನು ಎಲ್ಲರೂ ಕಾಕಾ ಅಂತಾರೆ.

ಕಾಕಾ ಹಳೇ ಪದ್ಧತಿಯವರು. ಅಲ್ಲಿ ಪ್ರೂಫ್ ನೋಡಲು ಇಬ್ಬರು ಬೇಕು. ಒಬ್ಬರು ಹಸ್ತಪ್ರತಿಯನ್ನು ಗಟ್ಟಿಯಾಗಿ ಓದಬೇಕು, ಇನ್ನೊಬ್ಬರು ಪ್ರೂಫ್ ಮೇಲೆ ಪೆನ್ಸಿಲ್ ಓಡಿಸಬೇಕು. ಗಂಟಲು ನನ್ನದು, ಪೆನ್ಸಿಲ್ ಅವರದು.

ಅವತ್ತು ಎದುರಿಗಿದ್ದದ್ದು ನನಗೂ ಪಾಠ ಹೇಳಿದ್ದ ನಿವೃತ್ತ ಹೈಸ್ಕೂಲ್ ಮಾಸ್ತರರೊಬ್ಬರ ಆತ್ಮಕಥೆ. ಐದುನೂರು ಪುಟ. "ಒಂದ್ ಅಕ್ಷರ ತಗದ್ರೂ ಪುಸ್ತಕನ ಬ್ಯಾಡ" ಎಂದು ಅವರ ಹಟ. "ಪುಟ ಕಡಿಮಿ ಮಾಡಾಕ ಮಾಸ್ತರನ್ನ ನೀ ಒಪ್ಪಿಸಿದಿ ಅಂದ್ರ ನೌಕರಿ ಖಾಯಂ. ಇಲ್ಲಾಂದ್ರ ಬ್ಯಾರೆ ಕಡೆ ನೋಡ್ಕೋ" ಎಂದು ಕಾಕಾರ ಶರತ್ತು. ಎರಡು ಸಲ ಮಾಸ್ತರರ ಮನೆಗೆ ಹೋಗಿ, ಚಹಾ ಕುಡಿದು, ಸೋತು ಬಂದಿದ್ದೆ.

ನಿವೃತ್ತಿ ಸಮಾರಂಭದ ಅಧ್ಯಾಯ ಬಂತು. ಹಾರ ಹಾಕಿದವರೆಲ್ಲರ ಹೆಸರು, ಹುದ್ದೆ ಸಹಿತ. ಬೇಜಾರಾಗಿ ನಾನು ಮೆಲ್ಲಗೆ ಮಾಸ್ತರರ ಧ್ವನಿಗೆ ಇಳಿದೆ. ಸಾಲಿಗೊಂದು ಕೆಮ್ಮು, ಕೊನೆಗೆ "ಹೌದಿಲ್ಲೋ?" ಕಾಕಾರ ಹೊಟ್ಟೆ ಕುಲುಕತೊಡಗಿತು. ಆಮೇಲೆ ಥಟ್ಟನೆ ನಿಂತಿತು. ತಿರುಗಿ ನೋಡಿದರೆ ಬಾಗಿಲಲ್ಲಿ ಮಾಸ್ತರರು, ಕೈಯಲ್ಲಿ ಹೆಲ್ಮೆಟ್.

ನನ್ನ ಕಾಲು ತಾನೇ ಎದ್ದು ನಿಂತಿತು. (ಹತ್ತನೇ ಕ್ಲಾಸಿನ ಅಭ್ಯಾಸ.) ನೌಕರಿ ಹೋಯಿತು ಅಂದುಕೊಂಡೆ.

"ತಪ್ಪಾತ್ರಿ ಸರ್."

"ಅದನ್ನ ಆಮ್ಯಾಲೆ ನೋಡೂಣು. ಕುಂಡ್ರು, ಓದು. ನನ್ನಂಗನ ಓದು."

ಓದಿದೆ, ಕೆಮ್ಮು ಸಹಿತ. ಹದಿನೇಳನೇ ಹೆಸರಿಗೆ ಮಾಸ್ತರರು ಗಡಿಯಾರ ನೋಡಿದರು. ಮೂವತ್ತನೆಯದಕ್ಕೆ ಆಕಳಿಸಿದರು. ತಮ್ಮದೇ ಸನ್ಮಾನಕ್ಕೆ.

"ತಮ್ಮಾ, ಕ್ಲಾಸಿನ್ಯಾಗೂ ನಾ ಹಿಂಗ ಕೊರೀತಿದ್ನೇನು?"

"ಅಲ್ಲಿ ಹುಡುಗೂರು ಗಂಟೆ ಹೊಡಿಯೂತನಾ ಕುಂಡ್ರತಿದ್ರು ಬಿಡ್ರಿ ಸರ್. ಪುಸ್ತಕ ಓದಾವ್ರು ನಡುವ ಎದ್ದು ಹೋಗ್ತಾರ."

ಮಾಸ್ತರರು ಕಾಕಾರ ಕೈಯಿಂದ ಪೆನ್ಸಿಲ್ ಕಿತ್ತುಕೊಂಡರು. ಹೆಡ್‌ಮಾಸ್ತರರನ್ನು ತೆಗೆದರು, ಶಿಕ್ಷಣಾಧಿಕಾರಿಯನ್ನು ತೆಗೆದರು. ಶಾಲೆಯ ಸಿಪಾಯಿಯ ಹೆಸರಿಗೆ ಬಂದು, "ಇಂವಾ ಇರ್ಲಿ. ಇಂವಾ ಖರೇನ ಅತ್ತಿದ್ದಾ" ಎಂದರು. ಸಂಜೆಯೊಳಗೆ ನೂರಾ ಹನ್ನೆರಡು ಪುಟ ಹೋಗಿದ್ದವು.

ಹೊರಡುವಾಗ ನನ್ನ ಹೆಗಲು ತಟ್ಟಿ, "ಹಿಂದ ಅಣಕಿಸಬ್ಯಾಡ. ಎದರಿಗೆ ಅಣಕಿಸು. ಉಪಯೋಗಾಕ್ಕೈತಿ" ಎಂದರು.

ನಮ್ಮ ಮಾತು ನಮ್ಮ ಕಿವಿಗೆ ಬೀಳುವುದೇ ಅಪರೂಪ. ಏಳೇಳು ನಿಮಿಷದ ವಾಯ್ಸ್ ಮೆಸೇಜ್ ಕಳಿಸುವ ಬಂಧುಗಳೇ, ಅದನ್ನು ಒಮ್ಮೆಯಾದರೂ ಪೂರ್ತಿ ಕೇಳಿದ್ದೀರಾ? (ನಾನೂ ನನ್ನದನ್ನು ಕೇಳಿಲ್ಲ. ಧೈರ್ಯ ಸಾಲದು.)

ನೌಕರಿ ಖಾಯಂ ಆಯಿತು. ಅದೇ ಹುರುಪಿನಲ್ಲಿ ಮರುದಿನ ಕಾಕಾರನ್ನು ಕೂರಿಸಿ, ಅವರು ಪ್ರತಿ ಪುಸ್ತಕಕ್ಕೂ ಬರೆಯುವ ಎಂಟು ಪುಟಗಳ 'ಪ್ರಕಾಶಕರ ಮಾತು' ಓದತೊಡಗಿದೆ. ಅವರದೇ ಧ್ವನಿಯಲ್ಲಿ, ಅವರದೇ ಎಳೆತದಲ್ಲಿ. ಕಾಕಾ ಕಣ್ಣು ಮುಚ್ಚಿ, ತಲೆದೂಗುತ್ತ, ಕೊನೆಯ ಸಾಲಿನವರೆಗೂ ಕೇಳಿದರು.

"ಎಷ್ಟ್ ಛಲೋ ಬರದೇನಲ್ಲೋ. ಇನ್ನೆರಡ್ ಪುಟ ಸೇರ್ಸೂಣು."