ಅಕ್ಕನ ಹೆಸರಿನ ಬಂಬ

ಇವತ್ತು ಬೆಳಿಗ್ಗೆ ಎದ್ದು ಅಂಗಳ ಗುಡಿಸಿದೆ, ಹಾಲು ಕಾಸಿದೆ, ತೊಗರಿಬೇಳೆ ಆರಿಸಿಟ್ಟೆ, ಮಾಳಿಗೆಯ ಮೇಲೆ ಮೆಣಸಿನಕಾಯಿ ಹರವಿ ಬಂದೆ, ಗೀಜರ್ ರಿಪೇರಿಯವನಿಗೆ ಮೂರು ಸಲ ಫೋನ್ ಮಾಡಿದೆ. ಹನ್ನೊಂದಕ್ಕೆ ಬಂದವನು ಸುಟ್ಟು ಕರಿಯಾದ ಕಾಯಿಲ್ ಬಿಚ್ಚಿ ತೋರಿಸಿ, "ನೀರಿಲ್ದ ಚಾಲೂ ಮಾಡೀರಿ ಅಕ್ಕೋರೆ" ಎಂದು ಹೊಸದು ಹಾಕಿ ಹೋದ. ನನಗೆ ನಗು ಬಂತು. ನೀರು ನೋಡದೆ ಉರಿ ಹಚ್ಚಿದ್ದು ಇದೇ ಮೊದಲಲ್ಲ.

ನಾನು ಲಂಗ ಉಡುತ್ತಿದ್ದ ಕಾಲದಲ್ಲಿ ಬಸವಕಲ್ಯಾಣದ ನಮ್ಮ ಓಣಿಯಲ್ಲಿ ಸ್ನಾನದ ನೀರು ಕಾಯುತ್ತಿದ್ದದ್ದು ತಾಮ್ರದ ಬಂಬದಲ್ಲಿ. ಒಳಗೊಂದು ಕೊಳವೆ, ಅದರಲ್ಲಿ ತೊಗರಿ ಕಟ್ಟಿಗೆಯ ಉರಿ, ಸುತ್ತಲೂ ನೀರು, ಹೊಟ್ಟೆಯ ನಡುವಿಗೆ ನಲ್ಲಿ. ನಮ್ಮದು ಅಜ್ಜಿಯ ಕಾಲದ್ದು, ನಲ್ಲಿಯ ಬುಡದಲ್ಲಿ ಸೋರುತ್ತಿತ್ತು. ಅವ್ವ ಅಲ್ಲಿಗೆ ಬಟ್ಟೆ ಸೋಪು ಮೆತ್ತುತ್ತಿದ್ದಳು. ಹೊಗೆ, ಸೋಪು, ಬಿಸಿ ತಾಮ್ರ ಕೂಡಿದ ಆ ವಾಸನೆ ಶಾಲೆಯವರೆಗೂ ನನ್ನ ಜಡೆಯಲ್ಲಿ ಬರುತ್ತಿತ್ತು.

ನನಗೆ ಹನ್ನೊಂದಾಗಿದ್ದಾಗ, ಚಳಿಗಾಲದಲ್ಲಿ, ಅಕ್ಕ ನೀಲಮ್ಮನಿಗೆ ಹುಮನಾಬಾದಿನ ಸಂಬಂಧ ಕೂಡಿತು. ಅಂದಿನಿಂದ ಹಾಲಿನ ಕೆನೆ ಅವಳಿಗೆ, ಹೊಸ ಬಳೆ ಅವಳಿಗೆ, ಬಂದವರ ಮಾತೆಲ್ಲ ಅವಳದೇ. ಅದನ್ನೆಲ್ಲ ಹೇಗೋ ನುಂಗಿಕೊಂಡಿದ್ದೆ. ಆದರೆ ಅಪ್ಪ ಹೊಸ ಬಂಬ ತಂದು ಪಡಸಾಲೆಯಲ್ಲಿಟ್ಟ ದಿನ ತಡೆಯಲಾಗಲಿಲ್ಲ. ಮುಖ ಕಾಣುವಷ್ಟು ಹೊಳಪು. ಮೇಲೆ ಚುಕ್ಕೆ ಚುಕ್ಕೆಯಾಗಿ ಕುಟ್ಟಿಸಿದ ಅಕ್ಕನ ಹೆಸರು.

"ಅವ್ವಾ, ನಮ್ಮದು ಸೋರಾಕತ್ತದ. ಹೊಸಾದರಾಗ ಕಾಸೂಣು."

"ಹುಚ್ಚಿ, ಗಂಡನ ಮನಿಗಿ ಹೋಗೂ ಬಾಂಡೆ ಅದು. ಮೊದಲ ಉರಿ ಅಲ್ಲೇ ಹಚ್ಚಬೇಕು. ಸುಟ್ಟ ಬಾಂಡೆ ಕೊಟ್ರ ಬೀಗರು ಏನಂತಾರ?"

"ಹಂಗಾರ ನನ್ನ ಹೆಸರೂ ಹಾಕಸ್ರಿ."

ಅಪ್ಪ ನಕ್ಕರು. ಅಕ್ಕ ನನ್ನ ಕೆನ್ನೆ ಹಿಂಡಿ, "ಅಳಬ್ಯಾಡ ಸುಮ್ಮಿ, ಸೋರೂದು ನಿನಗ ಬಿಟ್ಟು ಹೋಗಾಕತ್ತೀನಲ್ಲ" ಎಂದಳು. ಯಾರೂ ಇಲ್ಲದಾಗ ಆ ಚುಕ್ಕೆಗಳನ್ನು ಉಗುರಿನಿಂದ ಕೆರೆದು ನೋಡಿದೆ. ಒಂದೂ ಅಳಿಸಲಿಲ್ಲ.

ಮದುವೆಗೆ ಹದಿನೈದು ದಿನವಿತ್ತು. ಹಳೆಯ ಬಂಬ ನಲ್ಲಿ ಕೂಡಿಸಲು ಬೆಸುಗೆಯ ಚಾಚಾನ ಅಂಗಡಿಗೆ ಹೋಗಿತ್ತು. ಅಪ್ಪ ಅವ್ವ ಲಗ್ನಪತ್ರಿಕೆ ಹಿಡಿದು ಚಿಟಗುಪ್ಪದ ಬಸ್ಸು ಹತ್ತಿದ್ದರು. ಅಕ್ಕ ಕುಪ್ಪಸದ ಅಳತೆ ಕೊಡಲು ಪಕ್ಕದ ಮನೆಗೆ ಹೋದಳು. ನಾನು ಹೊಸ ಬಂಬವನ್ನು ಬಚ್ಚಲಿಗೆ ಎಳೆದು, ಒಂದು ಕೊಡ ನೀರು ಸುರಿದು, ಉರಿ ಹಚ್ಚಿದೆ. ಅವಳಿಗಿಂತ ಮೊದಲು ನಾನೇ ಮೀಯಬೇಕಿತ್ತು, ಅಷ್ಟೇ.

ಹಳೆಯ ಬಂಬದಲ್ಲಿ ನಲ್ಲಿಯ ಮಟ್ಟದವರೆಗೆ ನೀರು ಯಾವಾಗಲೂ ನಿಂತಿರುತ್ತಿತ್ತು. ಮೇಲೊಂದು ಕೊಡ ಹಾಕಿದರೆ ತುಂಬುತ್ತಿತ್ತು. ಇದು ಪೂರ್ತಿ ಒಣಗಿದ್ದು ಎಂಬುದು ನನ್ನ ತಲೆಗೆ ಹೊಳೆಯಲೇ ಇಲ್ಲ. ಸ್ವಲ್ಪ ಹೊತ್ತಿಗೆ ಮೇಲಿನ ಬೆಸುಗೆ ಕರಗಿ ಬೆಳ್ಳಗೆ ಹನಿಹನಿಯಾಗಿ ನೆಲಕ್ಕೆ ಬಿತ್ತು. ಕೊಳವೆ ಒಂದು ಕಡೆ ವಾಲಿತು. ತಾಮ್ರ ಕಪ್ಪಾಯಿತು.

ಹೊಗೆ ಕಂಡು ಓಡಿಬಂದ ಅಕ್ಕ ಉರಿಯುವ ಕಟ್ಟಿಗೆಯನ್ನು ಬರಿಗೈಯಲ್ಲೇ ಎಳೆದು ಹಾಕಿದಳು.

"ಒಂದ ಕೊಡ ಹಾಕೀ ಏನ?"

ನಾನು ಗೋಳೋ ಎಂದೆ.

"ಬಾಯಿ ಮುಚ್ಚು. ನಾನೇ ಹಚ್ಚೀನಿ ಅಂತೀನಿ."

"ಯಾಕ?"

"ಲಗ್ನದ ಹುಡುಗೀನ ಯಾರೂ ಹೊಡಿಯಂಗಿಲ್ಲ. ನಿನ್ನ ಬಿಡ್ತಾರೇನ?"

ಸಂಜೆ ಅವ್ವ ಬಂದು ನೋಡಿ ಅಕ್ಕನನ್ನು ನಿಲ್ಲಿಸಿಕೊಂಡು ಬೈದಳು. "ಹೋಗೂ ಮನಿ ಮ್ಯಾಲ ಇಷ್ಟ್ ಅವಸರ ಏನ ನಿಂದು?" ಮರುದಿನ ಚಾಚಾ ಬೆಸುಗೆ ಹಾಕಿಕೊಟ್ಟು, "ಗಟ್ಟಿ ಆಗೇದ ಬೇಟಿ. ಖರೆ, ಹೊಸಾದು ಅನ್ನಾಕ ಬರಂಗಿಲ್ಲ" ಎಂದ.

ಹುಮನಾಬಾದಿನಲ್ಲಿ ಬಾಂಡೆ ಸಾಮಾನು ಸಾಲಾಗಿ ಇಟ್ಟಾಗ ಅವಳ ಅತ್ತೆಯ ಕೈ ನೇರವಾಗಿ ಆ ಬೆಸುಗೆಗೇ ಹೋಯಿತು. "ನಮ್ಮ ಸೊಸಿ ರಿಪೇರಿ ಬಂಬ ತಂದಾಳ ನೋಡ್ರಿ" ಎಂದರು. ಮುಂದೆ ಎಷ್ಟೋ ವರ್ಷ ಅದನ್ನೇ ಅಂದರು. ಅಕ್ಕ ಒಮ್ಮೆಯೂ ನನ್ನ ಹೆಸರು ಎತ್ತಲಿಲ್ಲ. ಎಂಥ ತಾಳ್ಮೆಯ ಹುಡುಗಿ ಎಂದು ನಂಟರೆಲ್ಲ ಹೊಗಳಿದರು. ಆ ಹೊಗಳಿಕೆ ಕೇಳಿದಾಗ ಉಪಕಾರ ನೆನೆಯಬೇಕಾದ ನನಗೆ ಹೊಟ್ಟೆ ಉರಿಯುತ್ತಿತ್ತು.

ಈಗ ಅವಳ ಮನೆಯ ಮಾಳಿಗೆಯ ಮೇಲೆ ಸೋಲಾರ್ ಇದೆ. ಬಂಬ ಹಳೇ ಸಾಮಾನಿನವನ ಗಾಡಿ ಹತ್ತಿ ಬಹಳ ವರ್ಷವಾಯಿತು. ನಮ್ಮ ಮನೆಯಲ್ಲಿ ಯಾರಿಗೆ ಬೇಕಾದಾಗ ಅವರಿಗೆ ಬಿಸಿನೀರು. ಒಬ್ಬರ ಬೆನ್ನನ್ನು ಇನ್ನೊಬ್ಬರು ಉಜ್ಜುವುದಿಲ್ಲ, ಒಬ್ಬರ ತಪ್ಪನ್ನು ಇನ್ನೊಬ್ಬರು ಹೊರುವುದೂ ಇಲ್ಲ. ಹೊಟ್ಟೆಕಿಚ್ಚುಪಡಲಾದರೂ ಮಗ್ಗುಲಲ್ಲಿ ಒಬ್ಬ ಅಕ್ಕ ಬೇಕು.

ಬಂಬ ಸುಟ್ಟ ಆ ದಿನ ಊಟಕ್ಕೆ ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ. ಬೈಸಿಕೊಂಡ ಅಕ್ಕ ಎರಡು ರೊಟ್ಟಿ ತಿಂದಳು. ನನಗೆ ಅರ್ಧವೂ ಇಳಿಯಲಿಲ್ಲ. ಒಂದೇ ಕೌದಿಯಲ್ಲಿ ಮಲಗಿದೆವು. ಸುಟ್ಟ ಅಂಗೈಯನ್ನು ಹೊರಗೆ ಚಾಚಿಕೊಂಡು ಅವಳೇ ಮೊದಲು ನಿದ್ದೆಹೋದಳು. ನನಗೆ ಆ ನಿದ್ದೆಯ ಮೇಲೂ ಹೊಟ್ಟೆಕಿಚ್ಚಾಯಿತು.