ಎಡಗಡೆ ಸೀಟಿಗೆ ಸೋರುತ್ತಿದ್ದ ಗಾಜು

ಎಂಬತ್ತರ ದಶಕದ ಆರಂಭದ ಮಾತು. ಮಗಳು ಹುಟ್ಟಿ ಐದನೇ ತಿಂಗಳು ನಡೆಯುತ್ತಿತ್ತು. ಬಾಣಂತನ ಮುಗಿಸಿದ ಹೆಂಡತಿಯನ್ನೂ ಕೂಸನ್ನೂ ಶ್ರಾವಣದ ಮೊದಲ ಸೋಮವಾರ ತರೀಕೆರೆಯಿಂದ ಪಂಚನಹಳ್ಳಿಗೆ ಕರೆತರುವುದೆಂದು ಹಿರಿಯರು ಗೊತ್ತುಮಾಡಿದ್ದರು. ನನ್ನ ಬಳಿ ಇದ್ದದ್ದು ಅಪ್ಪ ಯಾರಿಂದಲೋ ಕೊಂಡಿದ್ದ ಹಳೇ ಕಾರು. ಮಳೆ ಬಂದರೆ ಮುಂದಿನ ಗಾಜಿನ ಮೂಲೆಯಿಂದ ನೀರಿಳಿದು, ಎಡಗಡೆ ಸೀಟಿನಲ್ಲಿ ಕೂತವರ ಮಡಿಲಿಗೇ ಬೀಳುತ್ತಿತ್ತು. ಹಿಂದೆ ಕೂತರೆ ಹೆಂಡತಿಗೆ ಹೊಟ್ಟೆ ತೊಳಸುತ್ತಿತ್ತು. ಅವಳು ಖಡಾಖಂಡಿತವಾಗಿ ಹೇಳಿಬಿಟ್ಟಿದ್ದಳು: "ಮೊದ್ಲು ಆ ಗಾಜು ಸರಿ ಮಾಡ್ಸಿ. ಇಲ್ದಿದ್ರೆ ಕೂಸು ಎತ್ಕೊಂಡು ಬಸ್ಸಲ್ಲೇ ಬತ್ತೀನಿ."

ಮನೆಯಲ್ಲಿ ಕಾರಿಟ್ಟುಕೊಂಡು ಬಸ್ಸಿನಲ್ಲಿ! ನನ್ನ ಮೈ ಉರಿದುಹೋಯಿತು.

ಎಂಟು ದಿನ ಉಳಿದಿತ್ತು. ಕಡೂರಿನ ಮೆಕ್ಯಾನಿಕ್ ಗಾಜಿನ ಸುತ್ತಲಿನ ರಬ್ಬರಿಗೆ ಅಂಟು ಸುರಿದ. ಬೀರೂರು ತಲುಪುವಷ್ಟರಲ್ಲಿ ಮಳೆ ಬಂದು ಒಳಗೆ ಹನಿ ಶುರುವಾಯಿತು. ಅಜ್ಜಂಪುರಕ್ಕೆ ಓಡಿದೆ. ಅಲ್ಲಿಯವನು ಡಾಂಬರು ಮೆತ್ತಿದ. ಗಾಜಿನ ಮೇಲೆ ಒಂದು ಕೊಡ ನೀರು ಸುರಿಸಿ ಒಳಗೆ ಕೂತು ನೋಡಿದರೆ ಈಗ ಎರಡು ಕಡೆ ಸೋರುತ್ತಿತ್ತು. ಅವನನ್ನು ಬೈದೆ, ಕಡೂರಿನವನನ್ನು ಬೈದೆ, ಗುಜರಿ ಕೊಂಡರೆಂದು ಅಪ್ಪನನ್ನೂ ಬಿಡಲಿಲ್ಲ. ಊಟ ಸೇರುತ್ತಿರಲಿಲ್ಲ. ಮೋಡ ಕಂಡರೆ ಎದ್ದುಹೋಗಿ ಕಾರು ನೋಡುತ್ತಿದ್ದೆ.

ಶನಿವಾರ ತರೀಕೆರೆಯ ಬಸ್ ಸ್ಟ್ಯಾಂಡಿನ ಹಿಂದಿದ್ದ ಮುದಿ ಮೆಕ್ಯಾನಿಕ್ ಹತ್ತಿರ ಹೋದೆ.

"ಎಲ್ಲಾ ಮೇಲ್ಮೇಲೆ ಮೆತ್ತವ್ರೆ. ಗಾಜು ಬಿಚ್ಬೇಕು. ಕೂತ್ಕಳಿ ಸ್ವಾಮಿ."

"ಒಡೆದ್ರೆ?"

"ನೀವು ಹಿಂಗೆ ಸುತ್ತಾ ಸುತ್ತಿದ್ರೆ ಒಡೀತೈತೆ."

ಕೂರಲು ನನ್ನಿಂದ ಆಗಲಿಲ್ಲ. ಅವನು ಸೀಟಿನ ಮೇಲೆ ಅಂಗಾತ ಮಲಗಿ, ಎರಡೂ ಕಾಲಿನಿಂದ ಗಾಜನ್ನು ಮೆಲ್ಲಗೆ ಹೊರಕ್ಕೆ ಒತ್ತಿದ. ರಬ್ಬರ್ ಬಿಡಿಸಿದಾಗ ಮೂಲೆಯಲ್ಲಿ ಕಪ್ಪು ಕಡ್ಡಿಗಳ ಒಂದು ಕಂತೆಯೇ ಸಿಕ್ಕಿತು. ಅಂಗೈಯಲ್ಲಿಟ್ಟು ಉಜ್ಜಿ ನೋಡಿದ.

"ಮಾವಿನೆಲೆ ತೊಟ್ಟು ಕಣ್ರೀ! ಯಾರು ತುರುಕಿದ್ದು ಇದನ್ನ?"

ತುರುಕಿದವನು ನಾನೇ. ವರ್ಷ ವರ್ಷ ಆಯುಧಪೂಜೆಗೆ ಸ್ಕ್ರೂಡ್ರೈವರಿನಿಂದ ರಬ್ಬರನ್ನು ಮೀಟಿ ಮಾವಿನೆಲೆ ಸಿಕ್ಕಿಸುತ್ತಿದ್ದೆ. ಮಾರನೆಯ ದಿನ ಎಲೆ ಕಿತ್ತರೆ ತೊಟ್ಟು ಒಳಗೇ ಉಳಿಯುತ್ತಿತ್ತು. ಸಾಲದ್ದಕ್ಕೆ, ಗಾಳಿಗೆ ಹಾರದ ತೋರಣವೆಂದು ಕಂಡವರ ಮುಂದೆಲ್ಲ ಜಂಬ ಕೊಚ್ಚಿಕೊಂಡಿದ್ದೆ.

"ನಮಗಿಂತ ಮುಂಚೆ ಇಟ್ಕೊಂಡಿದ್ದೋರು ಇರಬೇಕು," ಅಂದೆ.

"ಇದ್ರಲ್ಲಿ ಹೋದ ವರ್ಷದ್ದೂ ಐತೆ," ಎಂದು ಅವನು ಬೀಡಿ ಹಚ್ಚಿದ. ನಾಚಿಕೆಯಾಗಿ ನಾನು ಮೋಡ ನೋಡುತ್ತ ನಿಂತೆ. ಸಂಜೆಯೊಳಗೆ ಹೊಸ ರಬ್ಬರ್ ಹಾಕಿ ಗಾಜು ಕೂರಿಸಿದ. ಮೂರು ಕೊಡ ನೀರು ಸುರಿದರೂ ಒಳಗೆ ಒದ್ದೆಯಾಗಲಿಲ್ಲ.

ಸೋಮವಾರ ಅತ್ತೆ ಆರತಿ ಎತ್ತಿದರು. ಹೊರಡುವ ಗಳಿಗೆಯಲ್ಲಿ ಅವರ ಕೈಯಲ್ಲಿ ಮಾವಿನ ಕುಡಿ ಕಂಡಿತು. ಹೆಬ್ಬೆರಳಿನಿಂದ ಹೊಸ ರಬ್ಬರನ್ನು ಮೀಟಲು ಹೋಗುತ್ತಿದ್ದರು.

"ಅತ್ತೇ, ಬ್ಯಾಡ!" ಎಂದು ಕಿರುಚಿದೆ. ಬೀದಿಯವರೆಲ್ಲ ತಿರುಗಿ ನೋಡಿದರು.

"ಯಾಕೆ ಅಳಿಯಂದ್ರೇ? ಕೂಸು ಮೊದ್ಲ ಸಲ ಹೊಂಟೈತೆ. ಹಿಂಗೆ ಸಿಕ್ಸಿದ್ರೆ ಹಾರಲ್ಲ ಅಂತ ನೀವೇ ತೋರ್ಸಿಕೊಟ್ಟಿದ್ರಲ್ಲ?"

ಹೆಂಡತಿ ನನ್ನ ಮುಖ ನೋಡಿದಳು. ತೊಟ್ಟಿನ ಕಥೆಯನ್ನು ಅಲ್ಲೇ, ಎಲ್ಲರೆದುರು ಹೇಳಬೇಕಾಯಿತು. ಅವಳು ಮಗುವಿನೊಂದಿಗೆ ಎಡಗಡೆ ಸೀಟಿನಲ್ಲಿ ಕೂತಳು.

ಬೀರೂರಿನ ಹತ್ತಿರ ಮಳೆ ಹಿಡಿಯಿತು. ಅವಳು ಮಗುವಿನ ನೆತ್ತಿಯ ಮೇಲೆ ಅಂಗೈ ಚಾಚಿ ಹಿಡಿದಳು.

"ಇನ್ನು ಸೋರಲ್ಲ ಕಣೇ. ಕೈ ತೆಗಿ."

"ನೀವು ರಸ್ತೆ ನೋಡ್ಕೊಂಡು ಓಡ್ಸಿ."

ಕಡೂರು ದಾಟಿತು. ಒಂದು ಹನಿಯೂ ಒಳಗೆ ಬೀಳಲಿಲ್ಲ. ಪಂಚನಹಳ್ಳಿಯಲ್ಲಿ ಮನೆ ಮುಂದೆ ಕಾರು ನಿಲ್ಲಿಸುವವರೆಗೂ ಅವಳು ಆ ಕೈ ತೆಗೆಯಲಿಲ್ಲ.